ದಿನಾ ಎದುರು ಕೂರುವವರನ್ನು ಮಾತಾಡಿಸೋದು ಹೇಗೆ?

ನೇರಳೆ_ಮಾರ್ಗ · ಸೋಮವಾರ, ರಾತ್ರಿ 9:40

ಸಣ್ಣ ವಿಷಯ, ನಗಬೇಡಿ.

ಒಂದೂವರೆ ವರ್ಷದಿಂದ ಬೆಳಗ್ಗೆ 7:40ರ ಸುಮಾರಿಗೆ ವಿಜಯನಗರದಲ್ಲಿ ಮೆಟ್ರೋ ಹತ್ತುತ್ತಿದ್ದೇನೆ. ಕೊನೆಯ ಬೋಗಿ, ಎರಡನೇ ಬಾಗಿಲು. ಕುಂದಲಹಳ್ಳಿಯಲ್ಲಿ ಇಳಿಯುವ ಹೊತ್ತಿಗೆ ಹತ್ತಿರ ಹತ್ತಿರ ಒಂದು ಗಂಟೆ. ನಾನು ಹತ್ತುವ ಮೊದಲೇ ಅಲ್ಲಿ ಒಬ್ಬರು ಕೂತಿರುತ್ತಾರೆ. ಐವತ್ತರ ಆಸುಪಾಸು. ತೊಡೆಯ ಮೇಲೆ ಮೂರು ಡಬ್ಬದ ಸ್ಟೀಲ್ ಕ್ಯಾರಿಯರ್, ಹಿಡಿಗೆ ಹಸಿರು ದಾರ ಸುತ್ತಿದೆ. ಕಿವಿಯಲ್ಲಿ ವೈರಿನ ಇಯರ್‌ಫೋನ್. ನಾನು ಇಳಿದ ಮೇಲೂ ಅವರು ಮುಂದೆ ಹೋಗುತ್ತಾರೆ. ಇಷ್ಟು ದಿನದಲ್ಲಿ ಒಂದು ಮಾತೂ ಆಡಿಲ್ಲ. ನಕ್ಕಿದ್ದೂ ಇಲ್ಲ.

ಕಳೆದ ತಿಂಗಳು ಸುಮಾರು ಎರಡು ವಾರ ಅವರು ಬರಲಿಲ್ಲ. ನನಗೆ ಒಂಥರಾ ಕಸಿವಿಸಿ. ಹುಷಾರಿಲ್ಲವೇನೋ, ಕೆಲಸ ಬಿಟ್ಟರೇನೋ ಅಂತ. ಆಮೇಲೆ ಒಂದು ದಿನ ಬಂದರು. ತಲೆ ಬೋಳಿಸಿದ್ದರು. ಅದೇ ಕ್ಯಾರಿಯರ್, ಅದೇ ಸೀಟು.

ತಿರುಪತಿಗೆ ಹೋಗಿ ಬಂದರೋ, ಮನೆಯಲ್ಲಿ ಯಾರಾದರೂ ತೀರಿಕೊಂಡರೋ ಗೊತ್ತಿಲ್ಲ. ಪ್ರಸಾದ ಕೇಳಬೇಕೋ, ಸಮಾಧಾನ ಹೇಳಬೇಕೋ? ಎರಡೂ ಬಿಟ್ಟು ಮೊಬೈಲ್ ನೋಡುತ್ತಾ ಕೂತೆ. ಅವತ್ತಿಂದ ಅದೇ ತಲೆಯಲ್ಲಿ ಕೊರೆಯುತ್ತಿದೆ. ನಮ್ಮೂರು ದಾವಣಗೆರೆ. ಅಲ್ಲಾಗಿದ್ದರೆ ಎರಡನೇ ದಿನವೇ ಅವರ ಅಳಿಯ ಏನು ಕೆಲಸ ಮಾಡುತ್ತಾನೆ ಅಂತ ಗೊತ್ತಾಗಿರುತ್ತಿತ್ತು.

ಇದರ ಬಗ್ಗೆ ಏನೋ ಸಂಶೋಧನೆ ಎಲ್ಲ ಆಗಿದೆಯಂತಲ್ಲ, ಯಾರಿಗಾದರೂ ಗೊತ್ತಾ?

ಪಾಠದ_ಮೇಡಂ · ಸೋಮವಾರ, ರಾತ್ರಿ 10:15

ಡಿಗ್ರಿ ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡುತ್ತೇನೆ. ಇದು ನನ್ನ ಇಷ್ಟದ ಅಧ್ಯಾಯ, ಹಾಗಾಗಿ ಸ್ವಲ್ಪ ಉದ್ದ ಆದರೆ ಸಹಿಸಿಕೊಳ್ಳಿ.

ನಿಮ್ಮ ಕ್ಯಾರಿಯರ್ ಯಜಮಾನರಂಥವರಿಗೆ ಒಂದು ಹೆಸರೇ ಇದೆ: ಪರಿಚಿತ ಅಪರಿಚಿತರು. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಮ್ 1972ರಲ್ಲಿ ಇದರ ಬಗ್ಗೆ ಬರೆದರು. ಮೇಲಿನವರು ಹೇಳಿದರೆ ಜನ ಬೇರೆಯವರಿಗೆ ಶಾಕ್ ಕೊಡುತ್ತಾರಾ ಅಂತ ನೋಡಿದ ಪ್ರಯೋಗದಿಂದ ಹೆಸರಾದರಲ್ಲ, ಅವರೇ. ಅವರ ವಿದ್ಯಾರ್ಥಿಗಳು ನ್ಯೂಯಾರ್ಕ್ ಕಡೆಯ ರೈಲು ನಿಲ್ದಾಣದಲ್ಲಿ ಬೆಳಗ್ಗೆ ಕಾಯುತ್ತಾ ನಿಂತವರ ಫೋಟೋ ತೆಗೆದರು. ಆಮೇಲೆ ಅದೇ ಜನರಿಗೆ ಆ ಫೋಟೋ ಕೊಟ್ಟು, ಇದರಲ್ಲಿ ಯಾರ ಗುರುತಿದೆ ಅಂತ ಕೇಳಿದರು. ಹತ್ತಕ್ಕೆ ಸುಮಾರು ಒಂಬತ್ತು ಜನ ಕನಿಷ್ಠ ಒಬ್ಬರನ್ನಾದರೂ ಗುರುತಿಸಿದರು. ಮುಖ ಗೊತ್ತು, ಮಾತಿಲ್ಲ. ಕೆಲವರು ಆ ಮುಖಗಳ ಬಗ್ಗೆ ಮನಸ್ಸಿನಲ್ಲೇ ಕಥೆ ಕಟ್ಟಿಕೊಂಡಿದ್ದರು, ನಿಮ್ಮ ಹಾಗೇ.

ಮಿಲ್‌ಗ್ರಾಮ್ ಹೇಳಿದ್ದರಲ್ಲಿ ನನಗೆ ಬಹಳ ಹಿಡಿಸಿದ್ದು ಇದು. ಮಾತಾಡದೆ ಎಷ್ಟು ದಿನ ಕಳೆಯುತ್ತದೋ, ಮಾತು ಶುರು ಮಾಡೋದು ಅಷ್ಟು ಕಷ್ಟ. ಪೂರ್ತಿ ಅಪರಿಚಿತರನ್ನು ದಾರಿ ಕೇಳೋದೇ ಅದಕ್ಕಿಂತ ಸುಲಭ. ಅದೇ ಮುಖ ಬೇರೆ ಊರಲ್ಲಿ ಸಿಕ್ಕರೆ ಮಾತ್ರ "ಅರೆ, ನೀವಾ!" ಅಂತ ಓಡಿಹೋಗಿ ಮಾತಾಡಿಸುತ್ತೇವೆ.

ಇನ್ನು ರೈಲಿನ ಪ್ರಯೋಗ. ಶಿಕಾಗೋದ ನಿಕೊಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್, 2014. ದಿನಾ ಓಡಾಡುವ ಪ್ರಯಾಣಿಕರಲ್ಲಿ ಕೆಲವರಿಗೆ "ಪಕ್ಕದವರನ್ನು ಮಾತಾಡಿಸಿ" ಅಂದರು. ಕೆಲವರಿಗೆ "ಸುಮ್ನೆ ಒಬ್ಬರೇ ಕೂರಿ" ಅಂದರು. ಉಳಿದವರಿಗೆ "ದಿನಾ ಹೇಗಿರುತ್ತೀರೋ ಹಾಗೇ ಇರಿ". ಮಾತಾಡಿದವರ ಪ್ರಯಾಣವೇ ಚೆನ್ನಾಗಿತ್ತು. ಬೇರೆ ಪ್ರಯಾಣಿಕರಿಗೆ "ನಿಮಗೆ ಹೀಗೆ ಹೇಳಿದ್ದರೆ ಹೇಗಿರುತ್ತಿತ್ತು?" ಅಂತ ಕೇಳಿದಾಗ ಅವರು ಉಲ್ಟಾ ಹೇಳಿದರು: ಒಬ್ಬರೇ ಕೂತರೆ ಚೆಂದ, ಮಾತಾಡಿದರೆ ಹಿಂಸೆ. ಪಕ್ಕದವರಿಗೆ ಮಾತಾಡಲು ಇಷ್ಟ ಇರುತ್ತದಾ ಅಂದರೆ, ಅರ್ಧದಷ್ಟು ಜನಕ್ಕೂ ಇರಲ್ಲ ಅನ್ನೋದು ಅವರ ಅಂದಾಜು. ನಿಜವಾಗಿ ಮಾತಾಡಿಸಲು ಹೋದವರಲ್ಲಿ ಯಾರೂ ಬೈಸಿಕೊಳ್ಳಲಿಲ್ಲ.

ಅಂದರೆ ಎಲ್ಲರೂ ಎದುರಿನವರಿಗೆ ಬೇಡವೇನೋ ಅಂದುಕೊಂಡೇ ಸುಮ್ಮನಿದ್ದಾರೆ.

ಪುರಾವೆ_ಎಲ್ಲಿ · ಸೋಮವಾರ, ರಾತ್ರಿ 10:32

ಮೇಡಂ, ಗೌರವದಿಂದಲೇ ಕೇಳುತ್ತಿದ್ದೇನೆ. ಶಿಕಾಗೋದಲ್ಲಿ ನೂರು ಜನ ಹೇಳಿದ್ದನ್ನು ತಂದು ಮೆಜೆಸ್ಟಿಕ್ ರಶ್ಶಿಗೆ ಅಂಟಿಸಬಹುದಾ? ಮನಶ್ಶಾಸ್ತ್ರದ 100 ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದಾಗ, 2015ರಲ್ಲಿ ಬಂದ ಲೆಕ್ಕದ ಪ್ರಕಾರ ಮೂರರಲ್ಲಿ ಎರಡು ಪಾಲು ಮೊದಲಿನ ಹಾಗೆ ಬರಲೇ ಇಲ್ಲ. 2010ರಲ್ಲಿ ಜೋಸೆಫ್ ಹೆನ್ರಿಕ್ ಮತ್ತಿತರರು ಇನ್ನೊಂದು ತೋರಿಸಿದರು. ಈ ಪ್ರಯೋಗಗಳಲ್ಲಿ ಕೂರುವವರಲ್ಲಿ 96% ಜನ ಪಶ್ಚಿಮದ ಶ್ರೀಮಂತ ದೇಶಗಳವರು. ಆ ದೇಶಗಳಲ್ಲಿ ಇರೋದು ಪ್ರಪಂಚದ 12% ಜನ.

ಇನ್ನೊಂದು ಮೋಜು ಹೇಳುತ್ತೇನೆ. ಕ್ಯಾನ್ಸಸ್‌ನ ಜೆಫ್ರಿ ಹಾಲ್ ಅನ್ನೋರು ಸ್ನೇಹಕ್ಕೆ ಗಂಟೆ ಲೆಕ್ಕ ಹಾಕಿದ್ದಾರೆ. ಪರಿಚಯದವರು ಸಾಧಾರಣ ಸ್ನೇಹಿತರಾಗೋಕೆ ಸುಮಾರು 50 ಗಂಟೆ, ಒಳ್ಳೆ ಸ್ನೇಹಿತರಾಗೋಕೆ 90, ಆಪ್ತರಾಗೋಕೆ 200ಕ್ಕಿಂತ ಜಾಸ್ತಿ. ನೇರಳೆಯವರೇ, ನಿಮ್ಮದು 18 ತಿಂಗಳು, ತಿಂಗಳಿಗೆ 22 ದಿನ, ದಿನಕ್ಕೊಂದು ಗಂಟೆ. 396 ಗಂಟೆ! ಇಷ್ಟು ಹೊತ್ತಿಗೆ ನೀವಿಬ್ಬರೂ ಗಳಸ್ಯ ಕಂಠಸ್ಯ ಆಗಿರಬೇಕಿತ್ತು.

ಪಾಠದ_ಮೇಡಂ · ಸೋಮವಾರ, ರಾತ್ರಿ 10:50

ಹಾಲ್ ಲೆಕ್ಕ ಒಟ್ಟಿಗೆ ಕಾಲ ಕಳೆಯೋದಕ್ಕೆ ಸ್ವಾಮಿ. ಎದುರುಬದುರು ಕೂತು ಮೊಬೈಲ್ ಒತ್ತೋದಕ್ಕಲ್ಲ!

ಉಳಿದದ್ದು ಒಪ್ಪುತ್ತೇನೆ. ಕ್ಲಾಸಿನಲ್ಲೂ ಆ 96, 12ರ ಲೆಕ್ಕ ಹೇಳದೆ ಈ ಪಾಠ ಶುರು ಮಾಡಲ್ಲ. ರೈಲಿನ ಪ್ರಯೋಗವನ್ನು ಅದೇ ತಂಡದವರು ಆಮೇಲೆ ಲಂಡನ್ ರೈಲುಗಳಲ್ಲೂ ಮಾಡಿದರು. ಅಲ್ಲಿನವರು ಅಪರಿಚಿತರ ಜೊತೆ ಮಾತಾಡಲ್ಲ ಅಂತಲೇ ಹೆಸರು. ಆದರೂ ಫಲಿತಾಂಶ ಅದೇ ದಿಕ್ಕಿನಲ್ಲಿ ಬಂತು. ಹಾಗಂತ ಲಂಡನ್ ಏನು ಬೆಂಗಳೂರಲ್ಲ, ಅದೂ ನಿಜ.

ಮೊದಲ_ಬೋಗಿ · ಮಂಗಳವಾರ, ಬೆಳಗ್ಗೆ 7:05

ಪುರಾವೆಯವರ ಪ್ರಶ್ನೆ ಒಂದಾದರೆ ನನ್ನದು ಇನ್ನೊಂದು. "ಯಾರೂ ಬೈಸಿಕೊಳ್ಳಲಿಲ್ಲ" ಅಂದಿರಿ. ಅದು ಮಾತಾಡಿಸಲು ಹೋದವರ ಕಡೆಯ ಲೆಕ್ಕ. ಎದುರಿಗಿದ್ದ ಹೆಂಗಸಿಗೆ ಎದ್ದು ಹೋಗಲು ಜಾಗ ಇತ್ತಾ?

ನಾನು ನಾಗಸಂದ್ರದಿಂದ ಜಯನಗರಕ್ಕೆ ಹೋಗುತ್ತೇನೆ. ಹೆಂಗಸರಿಗೆ ಮೀಸಲಾದ ಮೊದಲ ಬೋಗಿ ಬಿಟ್ಟು ಬೇರೆ ಬೋಗಿಯಲ್ಲಿ ನಾನಾಗಿ ನಾನು ಯಾವ ಗಂಡಸಿಗೂ ನಗಲ್ಲ. ದುರಹಂಕಾರ ಅಲ್ಲ. ಒಂದು ಸಲ ಸೌಜನ್ಯಕ್ಕೆ "ಹೌದು, ಲೇಟಾಯ್ತು" ಅಂದದ್ದಕ್ಕೆ ಒಬ್ಬ ನಾನಿಳಿಯುವ ನಿಲ್ದಾಣದಲ್ಲೇ ಇಳಿದು ಆಟೋ ಸ್ಟ್ಯಾಂಡ್ ತನಕ ಹಿಂದೆ ಬಂದ. ನನ್ನ ಅಂದಾಜು ತಪ್ಪಿದರೆ ಆಗೋದು ಮುಜುಗರ ಅಲ್ಲ, ಭಯ.

ಆದರೆ ಮೊದಲ ಬೋಗಿಯ ಕಥೆಯೇ ಬೇರೆ. ಅಲ್ಲಿ ಮಾತಿಗೆ ಮುಹೂರ್ತ ಬೇಕಿಲ್ಲ. "ನಿಮ್ಮ ಬ್ಯಾಗಿನ ಜಿಪ್ ತೆಗೆದಿದೆ ನೋಡಿ" ಅಂತ ಶುರುವಾಗಿ, ಇಳಿಯುವ ಹೊತ್ತಿಗೆ ಬ್ಲೌಸ್ ಹೊಲಿಯುವವರ ನಂಬರ್ ಬಂದಿರುತ್ತದೆ. ಹೋದ ವಾರ ಸೆರಗಿನ ಪಿನ್ ಬಿಚ್ಚಿಹೋಗಿತ್ತು. ಹಿಂದೆ ನಿಂತಿದ್ದವರು ಏನೂ ಕೇಳದೆ ತಮ್ಮ ತಾಳಿ ಸರದಲ್ಲಿದ್ದ ಪಿನ್ ತೆಗೆದು ಹಾಕಿಕೊಟ್ಟರು. ಒಂದೇ ರೈಲು, ನಡುವೆ ಹತ್ತು ಹೆಜ್ಜೆ ದೂರ.

ಪಾಠದ_ಮೇಡಂ · ಮಂಗಳವಾರ, ಬೆಳಗ್ಗೆ 8:20

ಇದನ್ನು ನಾಳೆ ಕ್ಲಾಸಿನಲ್ಲಿ ಓದಿ ಹೇಳಲಾ? ಹೆಸರು ಹೇಳಲ್ಲ.

ನೀವು ಹೇಳಿದ್ದು ಸರಿ. ಆ ಪ್ರಯೋಗಗಳಲ್ಲಿ ಬರೋದು ಸರಾಸರಿ. ಸರಾಸರಿಗೆ ಆಟೋ ಸ್ಟ್ಯಾಂಡ್ ತನಕ ಹಿಂದೆ ಬರುವವನು ಕಾಣಲ್ಲ.

ಮೊದಲ_ಬೋಗಿ · ಮಂಗಳವಾರ, ಬೆಳಗ್ಗೆ 8:24

ಓದಿ ಮೇಡಂ. ಪಿನ್ನಿನ ವಿಷಯವನ್ನೂ ಓದಿ.

ಸುಮ್ನಿರ್ತೀನಿ · ಮಂಗಳವಾರ, ಮಧ್ಯಾಹ್ನ 1:10

ನಾನು ಪಿಜಿಯಲ್ಲಿ ಮೂರು ಜನರ ರೂಮಿನಲ್ಲಿ ಇರುತ್ತೇನೆ. ಆಫೀಸಿನಲ್ಲಿ ಎಂಟು ಗಂಟೆ ಮೀಟಿಂಗ್. ಮೆಟ್ರೋದ ನಲವತ್ತು ನಿಮಿಷ ಬಿಟ್ಟರೆ ನನಗೆ ಏಕಾಂತ ಅನ್ನೋದೇ ಇಲ್ಲ. ದಯವಿಟ್ಟು ನನ್ನನ್ನು ಮಾತಾಡಿಸಿ ಸಂತೋಷಪಡಿಸಬೇಡಿ. ಮಾತು ಕಡಿಮೆ ಇರುವವರಿಗೂ ಇದು ಒಳ್ಳೇದು ಅಂತ ಮೇಡಂ ಹೇಳುವ ಮೊದಲೇ ಹೇಳಿಬಿಡುತ್ತೇನೆ.

ಪಾಠದ_ಮೇಡಂ · ಮಂಗಳವಾರ, ಮಧ್ಯಾಹ್ನ 2:00

ಹೇಳೋಕೆ ಬಾಯಿ ತೆರೆದಿದ್ದೆ, ಮುಚ್ಚಿಕೊಂಡೆ!

ಶಿಕಾಗೋ ಪ್ರಯೋಗದಲ್ಲಿ ಮಾತುಗಾರರು, ಮಾತು ಕಡಿಮೆ ಇರುವವರು ಅಂತ ಫಲಿತಾಂಶದಲ್ಲಿ ವ್ಯತ್ಯಾಸ ಕಾಣಲಿಲ್ಲ ಅನ್ನೋದು ನಿಜ. ಆದರೆ 2019ರಲ್ಲಿ ಆಸ್ಟ್ರೇಲಿಯಾದಲ್ಲಿ ಇನ್ನೊಂದು ನಡೆಯಿತು. ಒಂದು ವಾರ ಪೂರ್ತಿ ಮಾತುಗಾರರ ಹಾಗೆ ಇರಿ ಅಂತ ಜನರಿಗೆ ಹೇಳಿದರು. ಒಟ್ಟಾರೆ ಖುಷಿ ಹೆಚ್ಚಿತು. ಸ್ವಭಾವದಿಂದಲೇ ಸುಮ್ಮನಿರುವವರಿಗೆ ಮಾತ್ರ ಲಾಭ ಕಡಿಮೆ. ಜೊತೆಗೆ ಸುಸ್ತು, "ಇದು ನಾನಲ್ಲ" ಅನ್ನುವ ಕಿರಿಕಿರಿ. ಐದು ನಿಮಿಷದ ಮಾತು ಬೇರೆ, ಏಳು ದಿನದ ವೇಷ ಬೇರೆ.

ನಿಮ್ಮ ಹೆದರಿಕೆ ಮಾತು ಶುರುವಾಗೋದರದ್ದಾ, ಮುಗಿಯದೇ ಇರೋದರದ್ದಾ?

ಸುಮ್ನಿರ್ತೀನಿ · ಮಂಗಳವಾರ, ಮಧ್ಯಾಹ್ನ 2:08

ಮುಗಿಯದೇ ಇರೋದರದ್ದು. ನೂರಕ್ಕೆ ನೂರು.

ಪಾಠದ_ಮೇಡಂ · ಮಂಗಳವಾರ, ಮಧ್ಯಾಹ್ನ 2:30

ಅದಕ್ಕೂ ಲೆಕ್ಕ ಇದೆ. 2021ರಲ್ಲಿ ಆಡಮ್ ಮಾಸ್ಟ್ರೊಯಾನಿ ಮತ್ತಿತರರು ಮಾತುಕತೆಗಳು ಬೇಕಾದಾಗ ಮುಗಿಯುತ್ತವಾ ಅಂತ ನೋಡಿದರು. ಇಬ್ಬರಿಗೂ ಬೇಕಾದ ಹೊತ್ತಿಗೆ ಮುಗಿದದ್ದು ಸುಮಾರು 2% ಮಾತ್ರ. ಎಲ್ಲ ಮಾತೂ ಎಳೆದಾಡುತ್ತವೆ ಅಂತಲ್ಲ. ಇನ್ನೂ ಸ್ವಲ್ಪ ಮಾತಾಡಬಹುದಿತ್ತು ಅಂದುಕೊಂಡವರೂ ಇದ್ದರು. ಎದುರಿನವರಿಗೆ ಯಾವಾಗ ಸಾಕು ಅನ್ನಿಸಿತು ಅನ್ನೋದು ಇಬ್ಬರಿಗೂ ಗೊತ್ತಾಗಲ್ಲ. ಗೊತ್ತಾಗಲಿ ಅಂತ ಇಬ್ಬರೂ ಬಿಡೋದೂ ಇಲ್ಲ.

ಹುಬ್ಳಿ_ಮಿರ್ಚಿ · ಮಂಗಳವಾರ, ಮಧ್ಯಾಹ್ನ 3:15

ಮೇಡಂ, ಆ ಎರಡು ಪರ್ಸೆಂಟ್ ನಮ್ಮ ಮನೆಯವರಲ್ಲ ಬಿಡ್ರಿ. ನಮ್ಮಲ್ಲಿ "ಬರ್ತೀವ್ರಿ ಹಂಗಾದ್ರ" ಅಂದ ಮೇಲೆ ಬಾಗಿಲ ಹತ್ತಿರ ಇಪ್ಪತ್ತು ನಿಮಿಷ, ಗೇಟಿನ ಹತ್ತಿರ ಹದಿನೈದು, ಗಾಡಿ ಸ್ಟಾರ್ಟ್ ಮಾಡಿದ ಮೇಲೆ ಹತ್ತು. ಮುಖ್ಯ ವಿಷಯ ಹೊರಗೆ ಬರೋದೇ ಗಾಡಿ ಸ್ಟಾರ್ಟ್ ಆದ ಮೇಲೆ.

ಆ ಲೆಕ್ಕದಲ್ಲಿ ಮೆಟ್ರೋ ಬೆಸ್ಟ್ ರೀ. ನಿಮ್ಮ ಸ್ಟೇಷನ್ ಬಂತು, ಮಾತು ಮುಗೀತು. ಬಾಗಿಲು ಅದಾಗೇ ಮುಚ್ಚುತ್ತದೆ.

ನಾನು ಬೆಂಗಳೂರಿಗೆ ಬಂದ ಹೊಸತರಲ್ಲಿ ಟೀಮಿನಲ್ಲಿ ಒಬ್ಬ ಪುಣೆ ಹುಡುಗ ಇದ್ದ. ಸಂಜೆ ನಾಲ್ಕಕ್ಕೆ "ಊಟ ಆಯ್ತೇನ್ರೀ" ಅಂದೆ. ಇಲ್ಲ ಅಂದರೆ ನಾನು ಕರೆದುಕೊಂಡು ಹೋಗುತ್ತೇನೆ ಅಂದುಕೊಂಡು ಬ್ಯಾಗ್ ಎತ್ತಿಕೊಂಡು ನಿಂತ ಪಾಪ. ಕೊನೆಗೆ ಇಡ್ಲಿ ಕೊಡಿಸಬೇಕಾಯಿತು.

ಪಾಠದ_ಮೇಡಂ · ಮಂಗಳವಾರ, ಮಧ್ಯಾಹ್ನ 3:40

"ಊಟ ಆಯ್ತಾ" ಅನ್ನೋದು ಊಟದ ಪ್ರಶ್ನೆಯೇ ಅಲ್ಲವಲ್ಲ! ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1923ರಲ್ಲೇ ಇಂಥ ಮಾತುಗಳ ಬಗ್ಗೆ ಬರೆದಿದ್ದಾರೆ. ಅವುಗಳಲ್ಲಿ ಸುದ್ದಿ ಇರಲ್ಲ. ನಾನಿದ್ದೀನಿ, ನೀನಿದ್ದೀಯ ಅಂತ ಬೆಸೆಯೋದೇ ಅವುಗಳ ಕೆಲಸ.

ರೈಟ್_ರೈಟ್ · ಮಂಗಳವಾರ, ರಾತ್ರಿ 8:45

ನಾನು 31 ವರ್ಷ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ರಿಟೈರ್ ಆದವನು. ಮಗಳು ಈ ಚರ್ಚೆ ತೋರಿಸಿದಳು. ಮೇಡಂ ಹೇಳಿದ್ದೆಲ್ಲ ಓದಿದೆ, ಚೆನ್ನಾಗಿದೆ. ಆದರೆ ಒಂದು ವಿಷಯ ನಿಮ್ಮ ಶಿಕಾಗೋದವರಿಗೆ ಗೊತ್ತಿರಲಿಕ್ಕಿಲ್ಲ.

ಚಿಲ್ಲರೆ.

ಬೆಳಗಿನ ಮೊದಲ ಟ್ರಿಪ್ಪಿನಲ್ಲಿ ಬ್ಯಾಗಿನಲ್ಲಿ ಚಿಲ್ಲರೆ ಎಲ್ಲಿರುತ್ತದೆ? ಎಲ್ಲರೂ ನೂರರ ನೋಟು ಚಾಚುವವರೇ. ಟಿಕೆಟ್ ಹಿಂದೆ ಬಾಕಿ ಬರೆದುಕೊಡುತ್ತಿದ್ದೆ, ಇಳಿಯುವಾಗ ತಗೊಳ್ಳಿ ಅಂತ. ಅಲ್ಲಿಗೆ ಆ ಮನುಷ್ಯ ಇಳಿಯುವ ತನಕ ನನ್ನ ಮೇಲೆ ಒಂದು ಕಣ್ಣಿಟ್ಟಿರುತ್ತಿದ್ದ, ನಾನೂ ಅವನ ಮೇಲೆ. ಹಾಗೇ ಮಾತು ಬೆಳೆಯುತ್ತಿತ್ತು.

ಅದಕ್ಕಿಂತ ಮಜಾ ಇನ್ನೊಂದು. ಇಬ್ಬರಿಗೆ ಐದೈದು ರೂಪಾಯಿ ಕೊಡಬೇಕು, ನನ್ನ ಹತ್ತಿರ ಇರೋದು ಹತ್ತರ ನೋಟು. "ಇಬ್ಬರೂ ಸೇರಿ ತಗೊಳ್ಳಿ" ಅಂತ ಒಬ್ಬರ ಕೈಗೆ ಹಾಕಿ ರೈಟ್ ಅನ್ನುತ್ತಿದ್ದೆ. ಅವರು ಒಬ್ಬರಿಗೊಬ್ಬರು ಯಾರೋ ಏನೋ. ಇಬ್ಬರೂ ಕೆಳಗಿಳಿದು ಬೀಡಾ ಅಂಗಡಿ ಹುಡುಕಿ ನೋಟು ಮುರಿಸಬೇಕು. ಕೆಲವರು ನನಗೆ ಬೈದುಕೊಂಡು ಹೋಗುತ್ತಿದ್ದರು. ಕೆಲವರು ಮುರಿಸುವ ಗೋಜು ಬೇಡ ಅಂತ ಆ ಹತ್ತು ರೂಪಾಯಿಗೆ ಬೈ ಟು ಕಾಫಿ ಕುಡಿದು ಹೋಗುತ್ತಿದ್ದರು. ಆಗ ಕಾಫಿ ಆ ದರಕ್ಕೆ ಸಿಗುತ್ತಿತ್ತು. ಹಾಗೆ ಪರಿಚಯ ಆದ ಇಬ್ಬರು ಆಮೇಲೆ ದಿನಾ ಒಂದೇ ಸೀಟಿನಲ್ಲಿ ಬರಲು ಶುರು ಮಾಡಿದರು. ಒಬ್ಬರ ಮಗಳ ಮದುವೆ ಕಾರ್ಡು ನನಗೂ ಬಂತು.

ಜನ ಮಾತಾಡಲ್ಲ ಅಂತಲ್ಲ ತಮ್ಮಾ. ಸುಮ್ಸುಮ್ನೆ ಹೇಗೆ ಮಾತಾಡೋದು ಅಂತ. ಏನಾದರೂ ನೆಪ ಬೇಕು. ಈಗ ಎಲ್ಲರೂ ಸ್ಕ್ಯಾನ್ ಮಾಡುತ್ತಾರೆ, ಪೈಸೆಗೆ ಪೈಸೆ ಲೆಕ್ಕ. ಜಗಳ ಇಲ್ಲ, ಒಳ್ಳೇದೇ. ಚಿಲ್ಲರೆ ಜಗಳದಲ್ಲಿ ನನ್ನ ಅರ್ಧ ಆಯಸ್ಸು ಹೋಗಿದೆ, ಅದು ವಾಪಸ್ ಬರಲಿ ಅಂತ ನಾನೇನೂ ಹೇಳಲ್ಲ.

ಪುರಾವೆ_ಎಲ್ಲಿ · ಮಂಗಳವಾರ, ರಾತ್ರಿ 9:02

ಯಜಮಾನರೇ, ಇದಕ್ಕೆ ನಾನು ಪುರಾವೆ ಕೇಳಲ್ಲ.

ಪಾಠದ_ಮೇಡಂ · ಮಂಗಳವಾರ, ರಾತ್ರಿ 9:20

"ಇಬ್ಬರೂ ಸೇರಿ ತಗೊಳ್ಳಿ"! ಎಷ್ಟು ವರ್ಷ ಆಯಿತು ಇದನ್ನು ಕೇಳಿ. ಇಷ್ಟು ಚೆಂದದ ಪ್ರಯೋಗ ಯಾವ ಪ್ರೊಫೆಸರೂ ಮಾಡಿಲ್ಲ.

ಇದಕ್ಕೆ ಹತ್ತಿರದ್ದು ಒಂದಿದೆ. ಗಿಲಿಯನ್ ಸ್ಯಾಂಡ್‌ಸ್ಟ್ರಾಮ್ ಮತ್ತು ಎಲಿಜಬೆತ್ ಡನ್, ಕೆನಡಾದವರು. ಅದೂ 2014ರದ್ದೇ. ಕಾಫಿ ಅಂಗಡಿಗೆ ಹೋಗುವವರಲ್ಲಿ ಕೆಲವರಿಗೆ, ದುಡ್ಡು ರೆಡಿ ಇಟ್ಟುಕೊಂಡು ಬೇಗ ತಗೊಂಡು ಬನ್ನಿ, ಮಾತು ಬೇಡ ಅಂದರು. ಕೆಲವರಿಗೆ, ಕೊಡುವವರ ಮುಖ ನೋಡಿ ನಕ್ಕು ಎರಡು ಮಾತಾಡಿ ಬನ್ನಿ ಅಂದರು. ಎರಡನೇ ಗುಂಪಿನವರು ಹೆಚ್ಚು ಖುಷಿಯಾಗಿ ಹೊರಬಂದರು. ಇದು ನಮ್ಮ ಜನ ಅನ್ನುವ ಭಾವನೆಯೂ ಅವರಲ್ಲಿ ಜಾಸ್ತಿ ಇತ್ತು. ಅದೇ ಇಬ್ಬರು ಇನ್ನೊಂದು ಅಧ್ಯಯನದಲ್ಲಿ ಜನರ ಕೈಗೆ ಎಣಿಸುವ ಕ್ಲಿಕ್ಕರ್ ಕೊಟ್ಟು, ದಿನಕ್ಕೆ ಎಷ್ಟು ಜನರನ್ನು ಮಾತಾಡಿಸಿದಿರಿ ಲೆಕ್ಕ ಇಡಿ ಅಂದರು. ಆಪ್ತರ ಜೊತೆಗಿನ ಮಾತು ಮಾತ್ರ ಅಲ್ಲ, ಅರೆಪರಿಚಯದವರ ಜೊತೆಗಿನ ಮಾತೂ ಆ ದಿನದ ನೆಮ್ಮದಿಗೆ ಸೇರುತ್ತಿತ್ತು.

ನಮ್ಮ ರಸ್ತೆಯ ದರ್ಶಿನಿಯಲ್ಲಿ ಕ್ಯಾಷಿಯರ್ ಮೊದಲು "ಏನ್ ಮೇಡಂ, ಇವತ್ತು ಕಾಲೇಜಿಲ್ವಾ" ಅನ್ನುತ್ತಿದ್ದರು. ಈಗ ಅವರ ಬದಲು ಆ ಪುಟ್ಟ ಡಬ್ಬಿ "ನಲವತ್ತು ರೂಪಾಯಿ ಸ್ವೀಕರಿಸಲಾಗಿದೆ" ಅನ್ನುತ್ತದೆ. ಅದಕ್ಕೆ ನಾನು "ಹೂಂ ಕಣಪ್ಪಾ" ಅಂದದ್ದೂ ಇದೆ.

ನಿರ್ವಾಹಕರು · ಮಂಗಳವಾರ, ರಾತ್ರಿ 9:31

ಚರ್ಚೆ ಚೆನ್ನಾಗಿ ಹೋಗುತ್ತಿದೆ. ಯಾವ ನಿಲ್ದಾಣ, ಎಷ್ಟು ಹೊತ್ತಿಗೆ ಅಂತ ಹೆಂಗಸರು ಬರೆಯುವಾಗ ಸ್ವಲ್ಪ ಎಚ್ಚರ ಇರಲಿ ಅಂತಷ್ಟೇ ವಿನಂತಿ.

ರೈಟ್_ರೈಟ್ · ಮಂಗಳವಾರ, ರಾತ್ರಿ 9:35

ಸರ್, ನಾನೂ ನಿರ್ವಾಹಕನೇ. ನನ್ನ ಬ್ಯಾಡ್ಜಿನ ಮೇಲೂ ಹಾಗೇ ಬರೆದಿತ್ತು. ಟಿಕೆಟ್ ಟಿಕೆಟ್.

ಅಂದಹಾಗೆ ನೇರಳೆ ತಮ್ಮಾ, ಎರಡು ವಾರ ರಜೆ ಅಂದರೆ ತಿರುಪತಿ ಇರಲಿಕ್ಕಿಲ್ಲ.

ನೇರಳೆ_ಮಾರ್ಗ · ಮಂಗಳವಾರ, ರಾತ್ರಿ 9:50

ನನಗೂ ಹಾಗೇ ಅನ್ನಿಸಿತ್ತು ಸರ್. ಅದಕ್ಕೇ ಬಾಯಿ ಬರಲಿಲ್ಲ. ಏನಾದರೂ ತಪ್ಪು ಮಾತು ಬಂದುಬಿಟ್ಟರೆ ಅಂತ.

ಪಾಠದ_ಮೇಡಂ · ಮಂಗಳವಾರ, ರಾತ್ರಿ 10:05

ಎಪ್ಲಿ ತಂಡದವರು 2022ರಲ್ಲಿ ಇದನ್ನೇ ನೋಡಿದರು. ಕಷ್ಟದಲ್ಲಿರುವವರಿಗೆ ಸಮಾಧಾನ ಹೇಳಲು ಹಿಂಜರಿಯುವವರು ತಾವು ಏನು ಹೇಳುತ್ತೇವೆ, ಸರಿಯಾಗಿ ಹೇಳುತ್ತೇವಾ ಅಂತ ಯೋಚಿಸುತ್ತಾರೆ. ಕೇಳುವವರು ಪದ ಹಿಡಿದು ತೂಗಲ್ಲ. ಹೇಳಲು ಬಂದರಲ್ಲ ಅನ್ನೋದೇ ಅವರಿಗೆ ಕಾಣೋದು. ಹೇಳುವವರು ಎಣಿಸಿದ್ದಕ್ಕಿಂತ ಹೆಚ್ಚು ಹಿತ ಕೇಳಿದವರಿಗೆ ಆಗಿತ್ತು.

ಇನ್ನೊಂದು. ಎರಿಕಾ ಬೂತ್‌ಬಿ ಮತ್ತಿತರರು 2018ರಲ್ಲಿ ತೋರಿಸಿದ್ದು. ಹೊಸಬರ ಜೊತೆ ಮಾತಾಡಿ ಬಂದ ಮೇಲೆ "ನಾನು ಅವರಿಗೆ ಇಷ್ಟ ಆಗಿಲ್ಲ" ಅಂತ ಇಬ್ಬರೂ ಅಂದುಕೊಳ್ಳುತ್ತಾರೆ. ಹಾಸ್ಟೆಲ್‌ನಲ್ಲಿ ಜೊತೆಗಿದ್ದ ವಿದ್ಯಾರ್ಥಿಗಳಲ್ಲೂ ಈ ತಪ್ಪು ಅಂದಾಜು ತಿಂಗಳುಗಟ್ಟಲೆ ಉಳಿದಿತ್ತು.

ಆದರೂ ಮೊದಲ ದಿನವೇ ತಲೆಯ ವಿಷಯಕ್ಕೆ ಕೈ ಹಾಕಬೇಡಿ. ಇದು ಸಂಶೋಧನೆ ಅಲ್ಲ, ನಮ್ಮಮ್ಮನ ಬುದ್ಧಿಮಾತು.

ಹುಬ್ಳಿ_ಮಿರ್ಚಿ · ಮಂಗಳವಾರ, ರಾತ್ರಿ 10:12

"ಇವತ್ತು ರಶ್ ಜಾಸ್ತಿ ಅಲ್ವಾ" ಅನ್ನಿ ಸಾಕು. ಬೆಂಗಳೂರಿನಲ್ಲಿ ಇದಕ್ಕೆ ಇಲ್ಲ ಅನ್ನುವವರು ಯಾರಿದ್ದಾರೆ?

ನೇರಳೆ_ಮಾರ್ಗ · ಬುಧವಾರ, ಬೆಳಗ್ಗೆ 9:15

ಯಾರಾದರೂ ನನ್ನನ್ನು ಈ ಊರಿನಿಂದ ಕರೆದುಕೊಂಡು ಹೋಗಿ.

ಮಾಗಡಿ ರೋಡ್ ದಾಟುವ ತನಕ ಧೈರ್ಯ ಬರಲಿಲ್ಲ. ಸಿಟಿ ರೈಲ್ವೇ ಸ್ಟೇಷನ್ ಬಿಟ್ಟ ಮೇಲೆ ಬಗ್ಗಿ "ಇವತ್ತು ರಶ್ ಜಾಸ್ತಿ ಅಲ್ವಾ" ಅಂದೆ. ಅವರು ಒಂದು ಕಿವಿಯ ಇಯರ್‌ಫೋನ್ ತೆಗೆದು "ಮೆಜೆಸ್ಟಿಕ್ಕಾ? ಮುಂದಿನದೇ" ಅಂದರು. ನಾನು "ಅಲ್ಲ, ರಶ್ಶು" ಅನ್ನಬೇಕಿತ್ತು. "ಥ್ಯಾಂಕ್ಸ್ ಸರ್" ಅಂದೆ.

ಬಾಗಿಲು ತೆರೆಯಿತು. ಅವರು ಕ್ಯಾರಿಯರ್ ಪಕ್ಕಕ್ಕೆ ಸರಿಸಿ, ನನಗೆ ಜಾಗ ಮಾಡಿ, ಕೈ ತೋರಿಸಿ "ಬಂತು, ಇಳೀರಿ ಇಳೀರಿ" ಅಂದರು. ಹಿಂದಿನವರೂ ದಾರಿ ಬಿಟ್ಟರು.

ಇಳಿದೆ.

ಮೆಜೆಸ್ಟಿಕ್ಕಿನಲ್ಲಿ. ಪ್ಲಾಟ್‌ಫಾರ್ಮ್ ಮೇಲೆ ನಿಂತು ಮುಂದಿನ ಗಾಡಿಗೆ ಕಾದು ಆಫೀಸಿಗೆ ಬಂದೆ. ಒಂದೂವರೆ ವರ್ಷದಿಂದ ನಾನು ಕುಂದಲಹಳ್ಳಿ ತನಕ ಹೋಗುತ್ತೇನೆ ಅನ್ನೋದು ಅವರ ಗಮನಕ್ಕೇ ಬಂದಿಲ್ಲ. ಕಥೆ ಕಟ್ಟಿದ್ದೆಲ್ಲ ನಾನೊಬ್ಬನೇ.

ಸುಮ್ನಿರ್ತೀನಿ · ಬುಧವಾರ, ಬೆಳಗ್ಗೆ 9:17

ಅದಕ್ಕೇ ಹೇಳೋದು ಸುಮ್ಮನಿರಿ ಅಂತ.

ಪುರಾವೆ_ಎಲ್ಲಿ · ಬುಧವಾರ, ಬೆಳಗ್ಗೆ 9:20

ಆಫೀಸಿನಲ್ಲಿ ಜೋರಾಗಿ ನಕ್ಕುಬಿಟ್ಟೆ, ಮ್ಯಾನೇಜರ್ ತಿರುಗಿ ನೋಡಿದರು. ನಾಳೆ ಏನು ಮಾಡುತ್ತೀರಿ? ದಿನಾ ಮೆಜೆಸ್ಟಿಕ್ಕಿನಲ್ಲಿ ಇಳಿಯಬೇಕಾಗುತ್ತದೆ ಈಗ.

ನೇರಳೆ_ಮಾರ್ಗ · ಬುಧವಾರ, ಬೆಳಗ್ಗೆ 9:24

ಬೇರೆ ಬೋಗಿ ಹತ್ತುತ್ತೇನೆ.

ರೈಟ್_ರೈಟ್ · ಬುಧವಾರ, ಬೆಳಗ್ಗೆ 11:00

ಬೇಡ ತಮ್ಮಾ. ಅದೇ ಬೋಗಿ ಹತ್ತು. ಹೋಗಿ ನಿಜ ಹೇಳಿಬಿಡು. ಇದಕ್ಕಿಂತ ಒಳ್ಳೆ ನೆಪ ನಿನಗೆ ಇನ್ನೆಲ್ಲಿ ಸಿಗುತ್ತದೆ? ಹತ್ತರ ನೋಟು ಕೈಗೆ ಬಿದ್ದ ಹಾಗೆ ಅಂದುಕೋ.

ಮೊದಲ_ಬೋಗಿ · ಬುಧವಾರ, ಸಂಜೆ 6:40

ನಾನೂ ಅದನ್ನೇ ಹೇಳುತ್ತೇನೆ. ಆಮೇಲೆ ಆ ಮೂರನೇ ಡಬ್ಬದಲ್ಲಿ ಏನಿರುತ್ತದೆ ಅಂತ ಕೇಳಿ. ಎರಡು ದಿನದಿಂದ ನನಗೆ ಅದೇ ಯೋಚನೆ. ಒಬ್ಬರಿಗೆ ಮೂರು ಡಬ್ಬ ಯಾಕೆ?

ನೇರಳೆ_ಮಾರ್ಗ · ಗುರುವಾರ, ರಾತ್ರಿ 8:55

ಹೇಳಿದೆ.

ನಾನು ಹತ್ತಿದ ಕೂಡಲೇ ಅವರೇ ಇಯರ್‌ಫೋನ್ ತೆಗೆದರು. "ನಿನ್ನೆ ಊರಿಗೆ ಹೋಗಿದ್ರಾ?" ಅಂತ ಕೇಳಿದರು. ನನಗೆ ಅರ್ಥ ಆಗಲಿಲ್ಲ. "ಅಲ್ಲ, ದಿನಾ ಕುಂದಲಹಳ್ಳಿಯಲ್ಲಿ ಇಳಿಯೋರು ನಿನ್ನೆ ಮೆಜೆಸ್ಟಿಕ್ ಕೇಳಿದ್ರಲ್ಲ. ಊರಿಗೇನೋ ಅಂದ್ಕೊಂಡೆ. ಬಟ್ಟೆ ಬ್ಯಾಗಿಲ್ಲದೆ ಯಾವ ಊರಿಗಪ್ಪಾ ಅಂತ ಆಮೇಲೆ ಯೋಚನೆ ಆಯ್ತು" ಅಂದರು.

ನಿಜ ಹೇಳಿದೆ. ಇಳಿಯುವ ಅಗತ್ಯ ಇರಲಿಲ್ಲ, ನೀವು ಜಾಗ ಮಾಡಿಕೊಟ್ಟಿರಿ ಅಂತ ಇಳಿದುಬಿಟ್ಟೆ ಅಂತ. ಅವರು ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ ಕ್ಯಾರಿಯರ್ ಅಲ್ಲಾಡುವ ಹಾಗೆ ನಕ್ಕರು. ಪಕ್ಕದಲ್ಲಿ ನಿದ್ದೆ ಮಾಡುತ್ತಿದ್ದವರು ಎದ್ದು ಕೂತರು. ಅಲ್ಲಿಂದ ಇಂದಿರಾನಗರದ ತನಕ ಮಾತಾಡಿದೆವು. ಅವರು ಕಾಡುಗೋಡಿಯಲ್ಲಿ ಸ್ಟೋರ್ ಕೀಪರ್. ಇಯರ್‌ಫೋನಿನಲ್ಲಿ ಕೇಳೋದು ಹಳೆ ನಾಟಕ. ಆಮೇಲೆ ಇಬ್ಬರಿಗೂ ಮಾತು ಖಾಲಿ ಆಯಿತು, ಅವರು ಇಯರ್‌ಫೋನ್ ಹಾಕಿಕೊಂಡರು, ನಾನು ಮೊಬೈಲ್ ತೆಗೆದೆ. ಸುಮ್ನಿರ್ತೀನಿಯವರೇ, ಏನೂ ಕೆಟ್ಟದ್ದಾಗಲಿಲ್ಲ.

ಮೊದಲ ಬೋಗಿಯವರಿಗೆ: ಎರಡರಲ್ಲಿ ಊಟ. ಮೂರನೇದು ಖಾಲಿ. ಸಂಜೆ ಬರುವಾಗ ಅದರಲ್ಲಿ ಮಲ್ಲಿಗೆ ತರುತ್ತಾರಂತೆ. ಬ್ಯಾಗಿನಲ್ಲಿಟ್ಟರೆ ರಶ್ಶಿನಲ್ಲಿ ನಲುಗುತ್ತದೆ, ಸಾರಿನ ಡಬ್ಬಕ್ಕೆ ಹಾಕಿದರೆ ಮನೆಯಲ್ಲಿ ಬೈಗುಳ. ಮೊದಲು ಎರಡು ಮೊಳ ಸಾಕಾಗುತ್ತಿತ್ತು, ಈಗ ಮೂರು ಮೊಳ ಬೇಕು ಅಂದರು.

ಯಾಕೆ ಅಂತ ನಾನು ಕೇಳಲಿಲ್ಲ.